ನೆಲಮಾಳಿಗೆಯ ಆಯುಧಗಳು

ದೊರೆಗೆ ನೆರೆಯ ದೊರೆಯ ಮೇಲೆ ಹೊಟ್ಟೆಕಿಚ್ಚು. ಇವನು ಬೀದಿಗೆ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನು ಬಂದರೆ ಹಸುಗೂಸುಗಳನ್ನು ತಂದು ಕೈಗೆ ಕೊಡುತ್ತಿದ್ದರಂತೆ.

"'ಊಟ ಆಯ್ತೇನವ್ವಾ?' ಅಂತ ಮನೆಮನೆ ಮುಂದೆ ಕೇಳ್ತಾನಂತೆ," ಎಂದು ದೊರೆ ಮೂಗಿನಲ್ಲೇ ಅಣಕಿಸಿದ. "ಇಷ್ಟು ಒಳ್ಳೆಯವನು ಏನೋ ಬಚ್ಚಿಟ್ಟಿರಲೇಬೇಕು. ಅವನ ನೆಲಮಾಳಿಗೆ ತುಂಬ ಆಯುಧ ಇದೆ ಅಂತ ಡಂಗುರ ಸಾರಿಸಿ."

"ಯಾರೂ ಕಣ್ಣಾರೆ ಕಂಡಿಲ್ಲವಲ್ಲ, ಮಹಾಪ್ರಭು," ಎಂದ ಮಂತ್ರಿ.

"ಕಂಡಿಲ್ಲ ಅಂದಮೇಲೆ ಬಚ್ಚಿಟ್ಟಿದ್ದಾನೆ ಅಂತ ತಾನೇ?"

ದಂಡು ಹೊರಟಿತು. ಅಲ್ಲಿ ತಡೆಯುವವರೇ ಇರಲಿಲ್ಲ. ನೆಲಮಾಳಿಗೆಯಲ್ಲಿ ಸಿಕ್ಕಿದ್ದು ಬರೀ ಉಪ್ಪಿನಕಾಯಿ ಜಾಡಿಗಳು. ಅದೂ ತನ್ನ ಅರಮನೆಯದಕ್ಕಿಂತ ರುಚಿಯಾಗಿತ್ತೆಂದು ದೊರೆಯ ಹೊಟ್ಟೆ ಇನ್ನಷ್ಟು ಉರಿಯಿತು.

"ಆಯುಧ ನೋಡೋಕೆ ನಮ್ಮ ನಾಡಿನ ಹಿರಿಯರು ಗಾಡಿ ಕಟ್ಟಿಕೊಂಡು ಬರ್ತಿದ್ದಾರೆ, ಮಹಾಪ್ರಭು," ಎಂದು ಮಂತ್ರಿ ಬೆವರಿದ.

"ಬರಲಿ. ನಮ್ಮವರ ಕತ್ತಿ, ಈಟಿ ಎಲ್ಲಾ ಇಲ್ಲೇ ಜೋಡಿಸಿ. ನಮ್ಮ ಲಾಂಛನ ಕಾಣದ ಹಾಗೆ ಆಯುಧಪೂಜೆಗೆ ಮೆತ್ತೋ ಥರ ಅರಿಶಿನ ಕುಂಕುಮ ಮೆತ್ತಿ. ಒಂದೂ ಹೊರಗೆ ಉಳೀಬಾರದು, ರಾಶಿ ದೊಡ್ಡದಾಗಿ ಕಾಣಬೇಕು!"

ಹಿರಿಯರು ಬಂದರು. ನೆರೆಯ ದೊರೆಯೂ ಅವನ ಊರಿನವರೂ ಬಂದು ನೆಲಮಾಳಿಗೆಯ ಬಾಗಿಲಲ್ಲಿ ಗುಂಪುಗೂಡಿದರು. ಬರಿಗೈ ಸೈನಿಕರ ನಡುವೆ ನಿಂತು ದೊರೆ ಎದೆಯುಬ್ಬಿಸಿ ಕೂಗಿದ: "ನೋಡಿ, ಕಣ್ತುಂಬ ನೋಡಿ! ಇವೆಲ್ಲಾ ಇವನವೇ!"

ಹಿರಿಯರು ಹೌದೆಂದು ತಲೆಯಾಡಿಸಿದರು. ನೆರೆಯ ದೊರೆ ತನ್ನ ಜನರತ್ತ ತಿರುಗಿದ.

"ಕೇಳಿಸ್ತಲ್ಲ? ಎಲ್ಲಾ ನಮ್ಮವೇ ಅಂತೆ. ಒಬ್ಬೊಬ್ಬರು ಒಂದೊಂದು ಎತ್ಕೊಳ್ರಪ್ಪಾ."