ಬಾಗಿಲಿಗೊಂದು ‘ಊಟ ಆಯ್ತಾ’

ಕೊರಿಯಾದ ಬೂಸಾನಿನ ಆ ಹಳೇ ವಸತಿ ಕಟ್ಟಡದಲ್ಲಿ ಎಪ್ಪತ್ತು ದಾಟಿದವರೆಲ್ಲರ ಮಣಿಕಟ್ಟಿಗೂ ಸರಕಾರ ಒಂದೊಂದು ಪಟ್ಟಿ ಕಟ್ಟಿತ್ತು. ದಿನಕ್ಕೆ ಐವರು ಬಂದು “ಊಟ ಆಯ್ತಾ” ಎಂದು ವಿಚಾರಿಸಬೇಕು, ಇವರು “ಆಯ್ತು” ಎನ್ನಬೇಕು. ಮಾತು ಕೇಳಿಸಿಕೊಳ್ಳುವ ಪಟ್ಟಿ ಆಗ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪಾದರೆ ಸಾಯುವ ಯೋಚನೆಯಲ್ಲಿರುವವರೆಂದು ಬಗೆದು, ಕೆಳಗೇ ಕಾದಿರುತ್ತಿದ್ದ ಬಿಳಿ ವ್ಯಾನಿನವರು ಬಂದು ನಿಗಾಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿಂದ ವಾಪಸು ಬಂದವರನ್ನು ಯಾರೂ ಕಂಡಿರಲಿಲ್ಲ.

ಹಾಗಾಗಿ ಬೆಳಿಗ್ಗೆ ಒಂಬತ್ತಾದರೆ ಸಾಕು, ಮುದುಕ ಮುದುಕಿಯರೆಲ್ಲ ಬಾಗಿಲು ಬಾಗಿಲು ತಟ್ಟಿ ಕೇಳಿಕೊಂಡು ಹೋಗುತ್ತಿದ್ದರು. ಉತ್ತರಕ್ಕೆ ಮಾತ್ರ ಯಾರೂ ಕಿವಿಗೊಡುತ್ತಿರಲಿಲ್ಲ.

ಮಲ್‌ಸುನ್ ಅಜ್ಜಿಗೆ ಮೂರು ದಿನದಿಂದ ಅನ್ನ ಮಾಡುವ ಮನಸ್ಸೇ ಬಂದಿರಲಿಲ್ಲ. ಆದರೂ ಅಂದು ನಾಲ್ಕು ಜನರಿಗೆ “ಆಯ್ತು” ಎಂದಿದ್ದಳು. ಐದನೆಯವನಾಗಿ ಬಂದವನು ಮೇಲಿನ ಮಹಡಿಯ ಗ್ವಾಕ್. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ಬೆನ್ನು ಬಾಗಿಸಿಕೊಂಡಿದ್ದ ಮುದುಕ.

“ಊಟ ಆಯ್ತಾ ಅಕ್ಕಾ?” ಎಂದವನೇ ಮುಂದಿನ ಬಾಗಿಲಿಗೆ ತಿರುಗಿದ.

ಅವಳು ಅವನ ತೋಳು ಹಿಡಿದುಕೊಂಡಳು. “ಇಲ್ಲಪ್ಪ. ಬದುಕೋದೇ ಬೇಡ ಅನ್ನಿಸ್ತಿದೆ.”

ಅವಳ ಪಟ್ಟಿ ಕೆಂಪಾಯಿತು. ಗ್ವಾಕ್ ಅವಳತ್ತ ತಿರುಗಿದ. “ಆಯ್ತು ಅಂದ್ಬಿಡಿ ಅಕ್ಕಾ, ನಿಮ್ಮ ದಮ್ಮಯ್ಯ. ಈಗಲೇ ಅಂದ್ರೆ ಮತ್ತೆ ಹಸಿರಾಗುತ್ತೆ.”

“ನೀನು ಹೇಳು, ನಿಂದು ಆಯ್ತಾ?”

ಗ್ವಾಕ್ ತನ್ನ ಹಸಿರು ಪಟ್ಟಿಯನ್ನೇ ನೋಡುತ್ತ ನಿಂತ. ಕೆಳಗೆ ವ್ಯಾನಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಅವನು ಅವಳ ಹೊಸಿಲ ಮೇಲೆ ಕುಸಿದು ಕೂತ.

“ನಂದೂ ಆಗಿಲ್ಲ ಅಕ್ಕಾ.”

ಬೂಟುಗಳು ಮೆಟ್ಟಿಲೇರಿ ಬರುತ್ತಿದ್ದಾಗ, ಮಲ್‌ಸುನ್ ಒಳಗೆ ಇಬ್ಬರಿಗಾಗುವಷ್ಟು ಅಕ್ಕಿ ತೊಳೆಯುತ್ತಿದ್ದಳು.