ವಾರ್ಡಿನ ಲೋಟದ ನೀರು

"ಹುಟ್ಟಿದಾಗ ಕೊಟ್ಟ ಆ ಸ್ನಾನ ಲೆಕ್ಕಕ್ಕೆ ಬರಲ್ಲ," ಎಂದರು ವರನ ತಂದೆ, ಸೋಫಾಕ್ಕೆ ಬೆನ್ನು ತಾಗುವ ಮೊದಲೇ. "ಹಸುಗೂಸಿಗೆ ನಂಬಿಕೆ ಎಲ್ಲಿಂದ ಬರುತ್ತೆ? ಮದುವೆಗೆ ಮುಂಚೆ ಹುಡುಗಿ ನಮ್ಮ ಸಭೆಯ ಚರ್ಚಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿ ದೀಕ್ಷಾಸ್ನಾನ ತಗೋಬೇಕು. ಇದೇ ಮೊದಲು ಅಂತ ಎಲ್ಲರೆದುರು ಹೇಳಬೇಕು."

ನೀರಿನ ಲೋಟಗಳನ್ನು ತಂದ ಹುಡುಗಿಯ ದೊಡ್ಡಮ್ಮ ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿದಳು. ನರ್ಸ್ ಕೆಲಸದಿಂದ ನಿವೃತ್ತಳಾದ ಆಕೆಯೇ ತಾಯಿಯಿಲ್ಲದ ಈ ಹುಡುಗಿಯನ್ನು ಸಾಕಿದ್ದು.

"ಹೆರಿಗೆ ವಾರ್ಡಲ್ಲಿದ್ದವಳು ನಾನು. ನನ್ನ ತಂಗಿ ಕಣ್ಮುಚ್ಚಿದ್ದಳು. ಮಗು ನೀಲಿಗಟ್ಟಿತ್ತು, ಡಾಕ್ಟರು ಕೈಚೆಲ್ಲಿದ್ರು. ಪಾದ್ರಿಗಳು ಬರೋವರೆಗೆ ಅದು ಉಳಿಯೋ ಹಾಗಿರಲಿಲ್ಲ. ಅಂಥ ಹೊತ್ತಲ್ಲಿ ದೀಕ್ಷಾಸ್ನಾನ ಯಾರು ಬೇಕಾದ್ರೂ ಕೊಡಬಹುದು ಅನ್ನುತ್ತೆ ನಮ್ಮ ಚರ್ಚು. ಮಾತ್ರೆ ನುಂಗಿಸೋ ಸ್ಟೀಲ್ ಲೋಟ ಕೈಗೆ ಸಿಕ್ತು. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಮೂರು ಸಲ ಹೊಯ್ದೆ. ಅದು ಸ್ನಾನ ಅಲ್ವಾ?"

"ಮಗುವಿನ ತಲೆ ಒದ್ದೆಯಾಯ್ತು, ಅಷ್ಟೇ."

"ಏನಂದ್ರಿ?" ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನೀವೇನು ದೇವರ ಪಕ್ಕದಲ್ಲಿ ಕೂತು ನೋಡ್ತಿದ್ರಾ?"

"ನನ್ನ ಮೇಲೆ ಕೂಗಬೇಡಿ. ನಾನೂ ನಲವತ್ತು ದಾಟಿದ ಮೇಲೆ ಮುಳುಗಿ ಎದ್ದವನು. ನನ್ನ ಒಡಹುಟ್ಟಿದವರೆಲ್ಲ ಮುಖದ ಮೇಲೆ ಬಾಗಿಲು ಹಾಕಿದ್ರು. ಆದ್ರೂ ಬಿಡಲಿಲ್ಲ. ಈಗ ಬಿಡ್ತೀನಾ?"

ಬಾಗಿಲಲ್ಲಿ ನಿಂತಿದ್ದ ಹುಡುಗಿ ಅಪ್ಪನ ಪಕ್ಕ ಕೂತಿದ್ದ ವರನತ್ತ ನೋಡಿದಳು. ಇಬ್ಬರೂ ಮೆಚ್ಚಿ ನಿಶ್ಚಯಿಸಿಕೊಂಡ ಮದುವೆ ಇದು. ಪುಣ್ಯಾತ್ಮ ಮಾತ್ರ ಇಷ್ಟು ಹೊತ್ತೂ ಮೊಬೈಲಿನಿಂದ ತಲೆಯೆತ್ತಿರಲಿಲ್ಲ.

"ನೀನೇನಂತೀಯ?"

"ಅಯ್ಯೋ, ಇಷ್ಟಕ್ಕೆಲ್ಲ ಯಾಕೆ ರಾದ್ಧಾಂತ? ಒಂದ್ಸಲ ಮುಳುಗಿ ಎದ್ಬಿಡು, ಅಪ್ಪ ಸುಮ್ಮನಾಗ್ತಾರೆ. ಅವರು ಹೇಳಿದ್ದನ್ನೆಲ್ಲ ನಂಬಬೇಕು ಅಂತೇನಿಲ್ಲ, ನಾನೂ ನಂಬಲ್ಲ. ಬಟ್ಟೆ ಒದ್ದೆಯಾಗುತ್ತೆ, ಒಣಗುತ್ತೆ. ಮುಗೀತು."

ವರನ ತಂದೆ ಮಗನ ಮುಖವನ್ನೇ ನೋಡುತ್ತ ಕೂತರು.

ಹುಡುಗಿಗೆ ಅವರ ಮೇಲಿದ್ದ ಸಿಟ್ಟೆಲ್ಲ ಇವನ ಕಡೆ ತಿರುಗಿತು. "ನಿಮ್ಮಪ್ಪ ಒಡಹುಟ್ಟಿದವರನ್ನ ಕಳ್ಕೊಂಡು ಮುಳುಗಿದ್ರು. ದೊಡ್ಡಮ್ಮ ತಂಗಿಯ ಹೆಣದ ಪಕ್ಕ ನಿಂತು ನೀರು ಹೊಯ್ದಳು. ನಿನಗಿದು ಬರೀ ಬಟ್ಟೆ ವಿಷಯಾನಾ?"

"ಮತ್ತಿನ್ನೇನು?" ಅವನು ನಕ್ಕ.

ಅವಳು ತಟ್ಟೆಯಿಂದ ತುಂಬಿದ ಲೋಟವೊಂದನ್ನು ಎತ್ತಿ ಅವನ ತಲೆಯ ಮೇಲೆ ಬೋರಲು ಹಾಕಿದಳು. ನೀರು ಕಾಲರಿನೊಳಗೆ ಇಳಿದು, ಮೊಬೈಲಿನ ಮೇಲೆ ತೊಟ್ಟಿಕ್ಕಿತು. ಅವನು ಕಿರುಚಿಕೊಂಡು ಎದ್ದ.

"ಒಣಗುತ್ತೆ ಬಿಡು," ಎಂದಳು.