ಬಟ್ಟಲಿನ ಕಥೆ

“ಸುಳ್ಳು! ಹಸಿ ಸುಳ್ಳು ಹೇಳ್ತಿದ್ದೀಯ, ಹಾಲ್ವಾರ್!” ಮುದುಕಿ ಗುನ್ವೋರ್ ಕೂತಲ್ಲಿಂದಲೇ ಊರುಗೋಲಿನಿಂದ ನೆಲ ಕುಟ್ಟಿದಳು.

ಡಾಲಾರ್ನಾ ಸೀಮೆಯ ಆ ಪುಟ್ಟ ಹಳ್ಳಿಯ ಮ್ಯೂಸಿಯಮ್ಮಿನಲ್ಲಿ ಪ್ರವಾಸಿಗರು ಬೆಪ್ಪಾದರು. ಗೈಡ್ ಹಾಲ್ವಾರನ ಕೈಯಲ್ಲಿ ಮರದ ಬಟ್ಟಲಿತ್ತು. ‘ಲಾಗೊಮ್’, ಅಂದರೆ ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ, ಹದ. ಸ್ವೀಡನ್ನಿನವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಅದು ಹುಟ್ಟಿದ ಕಥೆಯನ್ನು ಅವನು ಆಗಷ್ಟೇ ಮುಗಿಸಿದ್ದ. ವೈಕಿಂಗರು ಒಂದೇ ಬಟ್ಟಲು ಜೇನುಮದ್ಯವನ್ನು ಗುಂಪಿನ ಸುತ್ತ ದಾಟಿಸುತ್ತಿದ್ದರಂತೆ. ಕೊನೆಯವನಿಗೂ ಉಳಿಯುವಷ್ಟೇ ಗುಟುಕು. ‘ಲಾಗೆಟ್ ಓಮ್’, ಅಂದರೆ ‘ಗುಂಪಿನ ಸುತ್ತ’ ಎಂಬ ಮಾತೇ ಸವೆದು ಲಾಗೊಮ್ ಆಯಿತಂತೆ.

“ಬಟ್ಟಲೂ ಇಲ್ಲ, ಮಣ್ಣೂ ಇಲ್ಲ! ‘ಲಾಗ್’ ಅಂದ್ರೆ ಕಟ್ಟಳೆ. ಕಟ್ಟಳೆ ಪ್ರಕಾರ ಎಷ್ಟೋ ಅಷ್ಟು, ಅದೇ ಲಾಗೊಮ್. ನಿಘಂಟು ತೆಗೆದು ನೋಡು!”

“ಕಾಫಿ ಆರಿಹೋಗ್ತಿದೆ, ಎಲ್ರೂ ಹೊರಗೆ ನಡೀರಪ್ಪ,” ಎಂದ ಹಾಲ್ವಾರ್. ಜನ ನಗುತ್ತಾ ಹೋದರು. ಗುನ್ವೋರ್ ಮಾತ್ರ ಏಳಲಿಲ್ಲ. ಬೆಳಗಿನಿಂದ ಇದೇ ಕಥೆಯನ್ನು ಮೂರು ಸಲ ಕೇಳಿದ್ದಳು. ಮೂರು ಸಲವೂ ಅವನ ಹತ್ತಿರ ಹೋಗಲು ಎದ್ದು, ಮತ್ತೆ ಕೂತಿದ್ದಳು.

“ಯಾರು ನಿಂಗೆ ಇದನ್ನ ಹೇಳ್ಕೊಟ್ಟಿದ್ದು?” ದನಿ ಇಳಿದಿತ್ತು.

“ಸ್ಕೂಲಲ್ಲಿ. ಮೂರನೇ ಕ್ಲಾಸು.” ಹಾಲ್ವಾರ್ ಬಟ್ಟಲು ಒರೆಸಿದ. “ನಮ್ಮಜ್ಜ ನೀವು ಹೇಳಿದ್ದನ್ನೇ ಹೇಳ್ತಿದ್ದ. ನಾನೂ ಕ್ಲಾಸಲ್ಲಿ ಅದನ್ನೇ ಹೇಳ್ದೆ. ‘ಮರ ಕಡಿಯೋ ಮುದುಕನಿಗೇನು ಗೊತ್ತು’ ಅಂದ್ರು ಮಿಸ್. ಬಟ್ಟಲಿನ ಕಥೆ ಒಪ್ಪಿಸೋವರೆಗೂ ಮೂಲೇಲಿ ನಿಲ್ಲಿಸಿದ್ರು. ಚಡ್ಡಿ ಒದ್ದೆಯಾಯ್ತು. ಎಲ್ಲಾ ನಕ್ರು. ಅವತ್ತಿಂದ ಅಜ್ಜನ ಜೊತೆ ಮಾತೇ ಬಿಟ್ಟೆ, ಅವ್ನು ಸಾಯೋವರೆಗೂ.”

ಗುನ್ವೋರ್ ಬಾಯಿ ತೆರೆದಳು. ಹೊರಬಿದ್ದದ್ದು ಬೇರೆಯೇ ಮಾತು. “ಅದಕ್ಕೆ ಅದೇ ತಪ್ಪನ್ನ ಊದ್ತಾ ಕೂತ್ಕೋಬೇಕಾ? ದೊಡ್ಡೋನಾದ್ಮೇಲೆ ಬುದ್ಧಿ ಎಲ್ಲಿಟ್ಟಿದ್ದೆ?”

ಹಾಲ್ವಾರ್ ಅವಳನ್ನೇ ನೋಡಿದ. ಆಮೇಲೆ ಬಟ್ಟಲನ್ನೂ ಬೀಗದ ಕೈಯನ್ನೂ ಅವಳ ಮಡಿಲಲ್ಲಿಟ್ಟ.

“ಇನ್ಮೇಲೆ ನೀವೇ ಹೇಳಿ. ಮತ್ತೆ ಮೂಲೇಲಿ ನಿಲ್ಲೋ ವಯಸ್ಸಲ್ಲ ನಂದು, ಮಿಸ್.”

ಹೊರಟೇಬಿಟ್ಟ. ಆ ದಿನವಷ್ಟೇ ಅಲ್ಲ, ಆ ಬೇಸಿಗೆಯಿಡೀ ಅವನು ಆ ಬಾಗಿಲಿಗೆ ತಿರುಗಿ ಬರಲಿಲ್ಲ.

ಐನೂರು ಕಿಲೋಮೀಟರು ರೈಲಿನಲ್ಲಿ ಗುನ್ವೋರ್ ಬಾಯಿಪಾಠ ಮಾಡಿಕೊಂಡು ಬಂದದ್ದು ಒಂದೇ ಮಾತು: ‘ತಪ್ಪಾಯ್ತು, ಹಾಲ್ವಾರ್.’